ಇಟ್ಟ ಹೆಸರು

ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆ. 1970ರ ದಶಕದ ಮಾತು. ಒಂಬತ್ತನೆಯ ತರಗತಿಯಲ್ಲಿ ದಿನವೂ ಬೆಳಗ್ಗೆ ಹಾಜರಿ ಕರೆಯುವಾಗ ಒಬ್ಬ ಹುಡುಗಿ ಮಾತ್ರ ತಲೆಯೆತ್ತದೆ, ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು ಮೆಲ್ಲನೆ ಓಗೊಡುತ್ತಿದ್ದಳು. ಅವಳು ಓದಿನಲ್ಲಿ ಹಿಂದುಳಿದವಳಲ್ಲ. ಸ್ವಭಾವದಲ್ಲಿ ಅಂಜುಬುರುಕಿಯೂ ಅಲ್ಲ. ಅವಳ ಸಂಕೋಚಕ್ಕೆಲ್ಲ ಕಾರಣ ಅವಳ ಹೆಸರು. ಮಂಜುಳಾ, ಶಶಿಕಲಾ, ಜಯಶ್ರೀ ಎಂಬ ಹೊಸ ಕಾಲದ ಹೆಸರುಗಳ ನಡುವೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ‘ತಿಪ್ಪಮ್ಮ’ ಎಂದಿತ್ತು. ತಿಪ್ಪೆಯೆಂದರೆ ಏನೆಂಬುದು ಹಳ್ಳಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಟದ ಬಯಲಿನಲ್ಲಿ ಜಗಳ ಬಂದಾಗಲೆಲ್ಲ ಅದೊಂದೇ ಮಾತು ಅವಳ ಬಾಯನ್ನು ಕಟ್ಟಿಹಾಕಲು ಸಾಕಾಗುತ್ತಿತ್ತು.

ಒಂದು ದಿನ ಉಪಾಧ್ಯಾಯರು ಮುಂದಿನ ವರ್ಷದ ಪರೀಕ್ಷೆಗಾಗಿ ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸುವ ವಿಷಯವನ್ನು ತಿಳಿಸಿದರು. ಆ ಪಟ್ಟಿಯಲ್ಲಿ ಬರೆದ ಹೆಸರೇ ಪ್ರಮಾಣಪತ್ರಕ್ಕೆ ಏರುವುದು. ಅದೇ ಮುಂದೆ ಬದುಕಿನ ಉದ್ದಕ್ಕೂ ಜೊತೆಗೆ ನಡೆಯುವುದು. ತಿದ್ದಿಸಿಕೊಳ್ಳುವವರು ಮನೆಯ ಹಿರಿಯರಿಂದ ಅರ್ಜಿಯನ್ನು ಬರೆಸಿ ತರಬೇಕು—ಎಂದು ಹೇಳಿದರು. ಹುಡುಗಿ ಅಂದು ಸಂಜೆ ಮನೆಗೆ ಓಡಿದವಳೇ ಪುಸ್ತಕದ ಚೀಲವನ್ನು ಇಳಿಸುವ ಮೊದಲೇ ಅಜ್ಜಿಯ ಮುಂದೆ ನಿಂತಳು. ತನಗೆ ಬೇರೆ ಹೆಸರು ಬೇಕೆಂದಳು. ಇಂಥ ಹೆಸರನ್ನು ಇಟ್ಟವರು ಯಾರೆಂದು ಕೇಳಿದಳು. ಹೆಸರನ್ನು ಇಟ್ಟವಳು ಆ ಅಜ್ಜಿಯೇ. ಮುದುಕಿ ಅಕ್ಕಿಯನ್ನು ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, ಬಹಳ ಹೊತ್ತು ಏನನ್ನೂ ಹೇಳದೆ ಸುಮ್ಮನೆ ಕುಳಿತಳು.

ಅಜ್ಜಿ ಹೇಳಿದ ಉತ್ತರವನ್ನು ಕೇಳುವ ಮುನ್ನ, ಹೆಸರೆಂಬ ಈ ವಿಚಿತ್ರವಾದ ಸ್ವತ್ತನ್ನು ಕುರಿತು ಸ್ವಲ್ಪ ಯೋಚಿಸುವುದು ಒಳ್ಳೆಯದು. ಮನುಷ್ಯನಿಗೆ ಸೇರಿದ ವಸ್ತುಗಳಲ್ಲಿ ಹೆಸರಿನಷ್ಟು ಸ್ವಂತವಾದುದು ಮತ್ತೊಂದಿಲ್ಲ. ಹೊಲಮನೆಗಳು ಕೈಬಿಡಬಹುದು, ಬಟ್ಟೆ ಹರಿಯಬಹುದು, ರೂಪ ಮಾಸಬಹುದು, ಹೆಸರು ಮಾತ್ರ ಕಡೆಯವರೆಗೂ ಉಳಿಯುತ್ತದೆ, ಕೆಲವೊಮ್ಮೆ ಅನಂತರವೂ ಉಳಿಯುತ್ತದೆ. ಆದರೂ ಅದನ್ನು ಆರಿಸಿಕೊಂಡವನು ಅವನಲ್ಲ. ಅವನಿಗೆ ಮಾತು ಬರುವ ಮೊದಲೇ, ತಾನು ಯಾರೆಂಬ ಅರಿವು ಮೂಡುವ ಮೊದಲೇ, ಯಾರೋ ಅದನ್ನು ಅವನ ಕಿವಿಯಲ್ಲಿ ಉಸುರಿರುತ್ತಾರೆ. ಹೀಗೆ ಪ್ರತಿಯೊಬ್ಬರ ಹೆಸರೂ ಇನ್ನೊಬ್ಬರು ಇಟ್ಟ ಹೆಸರು. ಇಟ್ಟವರ ಮನಸ್ಸಿನಲ್ಲಿ ಆಗ ಏನಿತ್ತು ಎಂಬುದನ್ನು ತಿಳಿಯದೆ ಹೆಸರಿನ ಅರ್ಥ ಪೂರ್ತಿಯಾಗಿ ತಿಳಿಯುವುದಿಲ್ಲ. ನಿಘಂಟು ಹೇಳುವುದು ಪದದ ಅರ್ಥವನ್ನು ಮಾತ್ರ.

ಕನ್ನಡ ನಾಡಿನಲ್ಲಿ ಅನೇಕ ಮನೆಗಳಲ್ಲಿ ಮಗುವಿಗೆ ಹೆಸರಿಡುವುದು ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ. ಕೆಲವೆಡೆ ತಿಂಗಳು ತುಂಬಿದ ಮೇಲೆ ಒಳ್ಳೆಯ ದಿನವನ್ನು ನೋಡುವುದೂ ಉಂಟು. ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಚಿನ್ನದ ಉಂಗುರದಿಂದ ಅದರ ಮೇಲೆ ಹೆಸರನ್ನು ಬರೆಯುತ್ತಾರೆ. ಅನಂತರ ಮಗುವಿನ ಕಿವಿಯಲ್ಲಿ ಅದನ್ನು ಮೆಲ್ಲನೆ ಹೇಳುತ್ತಾರೆ. ತೊಟ್ಟಿಲು ಶಾಸ್ತ್ರದಂದು ಹೆಂಗಸರು ರುಬ್ಬುವ ಗುಂಡುಕಲ್ಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಕೂಸಿನಂತೆ ತೊಟ್ಟಿಲಿಗೆ ಒಪ್ಪಿಸುವ ವಾಡಿಕೆಯೂ ಹಲವು ಕಡೆ ಇದೆ. ಮಗು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂಬುದೇ ಅದರ ಆಶಯ. ಮುಸ್ಲಿಮರ ಮನೆಗಳಲ್ಲಿ ಹುಟ್ಟಿದ ಕೂಸಿನ ಬಲಗಿವಿಯಲ್ಲಿ ಪ್ರಾರ್ಥನೆಯ ಕರೆಯನ್ನು ಹೇಳುತ್ತಾರೆ. ಏಳನೆಯ ದಿನ ಅಕೀಕಾ ನಡೆಸಿ ಹೆಸರಿಡುವ ಪದ್ಧತಿಯುಂಟು. ಕ್ರೈಸ್ತರಲ್ಲಿ ದೀಕ್ಷಾಸ್ನಾನದ ವೇಳೆಯಲ್ಲಿ ಹೆಸರಿಡುವುದು ರೂಢಿ. ಸಿಖ್ಖರು ಗುರು ಗ್ರಂಥ ಸಾಹಿಬವನ್ನು ತೆರೆದು, ಆ ಪುಟದಲ್ಲಿ ದೊರೆತ ಪದ್ಯದ ಮೊದಲ ಅಕ್ಷರದಿಂದ ಆರಂಭವಾಗುವ ಹೆಸರನ್ನು ಆರಿಸುತ್ತಾರೆ. ಅವರಲ್ಲಿ ಒಂದೇ ಹೆಸರು ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ. ಗಂಡಾದರೆ ಸಿಂಗ್, ಹೆಣ್ಣಾದರೆ ಕೌರ್ ಎಂದು ಸೇರಿಸುವುದಷ್ಟೇ ವ್ಯತ್ಯಾಸ.

ದೂರದ ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ ಅಕಾನ್ ಎಂಬ ಜನರಿದ್ದಾರೆ. ಅವರಲ್ಲಿ ಹುಟ್ಟಿದ ಮಗುವನ್ನು ಏಳು ದಿನ ಮನೆಯ ಹೊರಗೆ ತರುವುದಿಲ್ಲ. ಬಂದಿರುವ ಈ ಜೀವ ಉಳಿಯಲು ಬಂದದ್ದೋ, ಅತಿಥಿಯಾಗಿ ಬಂದು ಮರಳಿ ಹೋಗುವುದೋ ಎಂದು ಕಾಯುವುದು ಆ ಪದ್ಧತಿಯ ಹುರುಳು. ಎಂಟನೆಯ ದಿನ ಬೆಳಗ್ಗೆ ಮಗುವನ್ನು ಹೊರಗೆ ತಂದು, ಹಿರಿಯರೊಬ್ಬರು ಅದರ ನಾಲಗೆಯ ಮೇಲೆ ಮೊದಲು ನೀರಿನ ಹನಿಯನ್ನೂ ಬಳಿಕ ಮದ್ಯದ ಹನಿಯನ್ನೂ ಇಡುತ್ತಾರೆ. ನೀರಾದರೆ ನೀರೆನ್ನಬೇಕು, ಮದ್ಯವಾದರೆ ಮದ್ಯವೆನ್ನಬೇಕು ಎಂಬುದು ಅದರ ಅರ್ಥ. ಹೀಗೆ ಹೆಸರಿನೊಡನೆ ಸತ್ಯವನ್ನು ನುಡಿಯುವ ಹೊಣೆಯೂ ಮಗುವಿನ ಪಾಲಿಗೆ ಬರುತ್ತದೆ. ಅಕಾನರಲ್ಲಿ ಹುಟ್ಟಿದ ವಾರವೇ ಮೊದಲ ಹೆಸರನ್ನು ತಂದುಕೊಡುತ್ತದೆ. ಶುಕ್ರವಾರ ಹುಟ್ಟಿದ ಗಂಡು ಕೊಫಿ. ಶನಿವಾರ ಹುಟ್ಟಿದವನು ಕ್ವಾಮೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿ 1997ರಿಂದ 2006ರವರೆಗೆ ಕೆಲಸ ಮಾಡಿದ ಕೊಫಿ ಅನ್ನಾನರು 1938ರ ಏಪ್ರಿಲ್ 8ರಂದು, ಶುಕ್ರವಾರವೇ, ಹುಟ್ಟಿದವರು. ಜಪಾನಿನಲ್ಲಿ ಏಳನೆಯ ರಾತ್ರಿಯಂದು ಮಗುವಿನ ಹೆಸರನ್ನು ಕುಂಚದಿಂದ ಕಾಗದದ ಮೇಲೆ ಬರೆದು ಮನೆಯಲ್ಲಿ ತೂಗುಹಾಕುತ್ತಾರೆ.

ಈ ಆಚಾರಗಳು ಒಂದನ್ನೊಂದು ನೋಡಿ ಕಲಿತವುಗಳಲ್ಲ. ಆದರೂ ಇವುಗಳಲ್ಲಿ ಹಲವು ಒಂದು ವಾರವೋ ಹತ್ತು ಹನ್ನೆರಡು ದಿನಗಳೋ ಕಾಯುತ್ತವೆ. ಕಾರಣ ಗಹನವಾದುದೇನೂ ಅಲ್ಲ. ಹಿಂದಿನ ಕಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಅನೇಕವು ಮೊದಲ ಕೆಲವು ದಿನಗಳಲ್ಲೇ ತೀರಿಹೋಗುತ್ತಿದ್ದವು. ಆ ಗಂಡಾಂತರವನ್ನು ದಾಟಿ ನಿಂತ ಜೀವಕ್ಕೆ, ‘ನೀನು ಇನ್ನು ನಮ್ಮವನು’ ಎಂದು ಸಮಾಜ ಕೊಡುವ ಒಪ್ಪಿಗೆಯ ಮುದ್ರೆಯೇ ಹೆಸರು.

ಯಾವ ಹೆಸರನ್ನಿಡಬೇಕೆಂಬುದರಲ್ಲಿ ಮಾತ್ರ ಲೋಕ ಒಂದೊಂದು ಕಡೆ ಒಂದೊಂದು ದಾರಿಯನ್ನು ಹಿಡಿದಿದೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುವುದು ಬಹಳ ಹಳೆಯ ರೂಢಿ. ಇದರಿಂದ ಒಂದು ಸೊಗಸಾದ ಇಕ್ಕಟ್ಟು ಹುಟ್ಟಿತು. ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದೇ ಹೆಸರಿನ ಮಗನನ್ನು ಬೈಯುವುದಂತೂ ದೂರವೇ ಉಳಿಯಿತು. ಆದ್ದರಿಂದ ಶಾಸ್ತ್ರದ ಹೆಸರು ಒಂದಾದರೆ ಕರೆಯುವ ಹೆಸರು ಮತ್ತೊಂದಾಯಿತು. ಮನೆಮನೆಗಳಲ್ಲಿ ಪುಟ್ಟ, ಅಪ್ಪಣ್ಣ, ಚಿಕ್ಕಮ್ಮಣ್ಣಿಯರು ಹುಟ್ಟಿಕೊಂಡದ್ದು ಹೀಗೆ. ಹೆಂಡತಿಯು ಗಂಡನ ಹೆಸರನ್ನು ಹೇಳಬಾರದೆಂಬ ಕಟ್ಟಳೆಯೂ ಇತ್ತು. ಮದುವೆ, ಸೀಮಂತ ಮೊದಲಾದ ಶುಭಸಮಾರಂಭಗಳಲ್ಲಿ ಮಾತ್ರ ಅವಳಿಗೆ ಒಡಪಿನೊಳಗೆ ಅದನ್ನು ಅಡಗಿಸಿ ಹೇಳುವ ಅವಕಾಶ. ಸುತ್ತ ನೆರೆದ ಹೆಂಗಸರ ಒತ್ತಾಯಕ್ಕೆ ಮಣಿದು, ನಾಚುತ್ತ, ಪ್ರಾಸವನ್ನು ಹೊಂದಿಸಿ ಗಂಡನ ಹೆಸರನ್ನು ನುಡಿಯುವ ಆ ಜಾಣ್ಮೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೇಳಸಿಗುತ್ತದೆ. ಹೆಸರನ್ನು ಉಚ್ಚರಿಸದಿರುವುದೇ ಗೌರವವೆಂದು ತಿಳಿದಿದ್ದ ಜನ, ಅದನ್ನು ಉಚ್ಚರಿಸಿದ ದಿನವನ್ನು ಹಬ್ಬವನ್ನಾಗಿ ಮಾಡಿಕೊಂಡರು.

ಗ್ರೀಸ್ ದೇಶದಲ್ಲಿಯೂ ಮೊದಲ ಮಗನಿಗೆ ತಂದೆಯ ತಂದೆಯ ಹೆಸರನ್ನಿಡುವುದು ವಾಡಿಕೆ. ಅಲ್ಲಿ ಹುಟ್ಟುಹಬ್ಬಕ್ಕಿಂತ ಹೆಸರಿನ ಹಬ್ಬಕ್ಕೆ ಹೆಚ್ಚು ಮರ್ಯಾದೆ. ತನಗೆ ಯಾವ ಸಂತನ ಹೆಸರಿದೆಯೋ ಆ ಸಂತನ ದಿನದಂದು ಮನೆಯ ಬಾಗಿಲು ಬಂಧುಮಿತ್ರರಿಗೆಲ್ಲ ತೆರೆದಿರುತ್ತದೆ. ಯೆಹೂದ್ಯರಲ್ಲಿ ಇನ್ನೊಂದು ವಿಶೇಷವನ್ನು ಕಾಣಬಹುದು. ಪೂರ್ವ ಯೂರೋಪಿನ ಕಡೆಯ ಯೆಹೂದ್ಯರು ಬದುಕಿರುವ ಹಿರಿಯರ ಹೆಸರನ್ನು ಮಗುವಿಗೆ ಇಡುವುದಿಲ್ಲ; ತೀರಿಕೊಂಡವರ ಹೆಸರನ್ನಷ್ಟೇ ಇಡುತ್ತಾರೆ. ಸ್ಪೇನಿನಿಂದ ಹೊರಬಿದ್ದು ಚದುರಿದ ಯೆಹೂದ್ಯರಾದರೋ ಬದುಕಿರುವ ಅಜ್ಜನ ಹೆಸರನ್ನು ಇಡುವುದನ್ನೇ ಗೌರವವೆಂದು ಬಗೆಯುತ್ತಾರೆ. ಒಂದೇ ಧರ್ಮ, ಒಂದೇ ಪ್ರೀತಿ. ದಾರಿಗಳು ಮಾತ್ರ ಒಂದಕ್ಕೊಂದು ವಿರುದ್ಧ. ಒಂದು ಮನೆಯಲ್ಲಿ ಅಮಂಗಳವಾದುದು ಇನ್ನೊಂದು ಮನೆಯಲ್ಲಿ ಮಂಗಳವಾಗಬಹುದೆಂಬುದನ್ನು ಅರಿತವನು ಪರರ ಆಚಾರವನ್ನು ಕಂಡು ನಗಲಾರ.

ಹೆಸರು ಒಬ್ಬ ವ್ಯಕ್ತಿಯನ್ನು ಸೂಚಿಸುವುದಷ್ಟೇ ಅಲ್ಲದೆ ಅವನ ವಿಳಾಸವನ್ನೂ ತಿಳಿಸುತ್ತದೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂದಾಗ ಮೊದಲು ಊರು, ಅನಂತರ ತಂದೆ, ಕಡೆಯಲ್ಲಿ ತಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿಯೂ ಇದೇ ಕ್ರಮ. ತಾನು ಮುಂದೆ ನಿಲ್ಲದೆ, ಊರನ್ನೂ ತಂದೆಯನ್ನೂ ಮುಂದಿಟ್ಟುಕೊಂಡು ಹಿಂದೆ ನಿಲ್ಲುವ ವಿನಯ ಈ ಪದ್ಧತಿಯಲ್ಲಿದೆ. ಧಾರವಾಡದ ಕಡೆಗೆ ಹೋದರೆ ತನ್ನ ಹೆಸರು ಮೊದಲು, ಮನೆತನದ ಹೆಸರು ಕಡೆಗೆ. ಆ ಮನೆತನದ ಹೆಸರುಗಳಾದರೂ ಎಷ್ಟು ಬಗೆ! ಕಂಬಾರ, ಬಡಿಗೇರ, ಪತ್ತಾರ, ಹೂಗಾರ ಎಂಬಲ್ಲಿ ಕೈಕಸುಬು ಕಾಣುತ್ತದೆ. ಬೆಲ್ಲದ, ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬಲ್ಲಿ ಸಂತೆಯೇ ನೆರೆದಿದೆ. ಕೊಡಗಿನಲ್ಲಿ ಒಕ್ಕದ ಹೆಸರಿಗೆ ಮೊದಲ ಸ್ಥಾನ. 1949ರಲ್ಲಿ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ ಮುಂದೆ ಅದೇ ಸೇನೆಯನ್ನು ನಡೆಸಿದ ತಿಮ್ಮಯ್ಯನವರೂ ಕೋದಂಡೇರ ಎಂಬ ಒಂದೇ ಒಕ್ಕದವರೆಂಬುದನ್ನು ಅವರ ಹೆಸರುಗಳೇ ಸಾರುತ್ತವೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ‘ಬರಿ’ ಎಂಬ ಕುಲದ ಗುರುತು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯಿಂದಲ್ಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಹೆಸರಿನಲ್ಲಿ ತಂದೆಯೂ ಮನೆತನವೂ ಇದ್ದವು, ತಾಯಿ ಇರಲಿಲ್ಲ. ಕವಿಯಾಗಿ ಅವರು ‘ಅಂಬಿಕಾತನಯದತ್ತ’ ಎಂದು ಕರೆದುಕೊಂಡು ಆ ಕೊರತೆಯನ್ನು ತುಂಬಿದರು.

ಹೊರನಾಡುಗಳ ಕ್ರಮ ಇನ್ನೂ ವಿಚಿತ್ರವಾಗಿ ತೋರಬಹುದು. ಸ್ಪೇನಿನವರಲ್ಲಿಯೂ ಸ್ಪ್ಯಾನಿಷ್ ನುಡಿಯುವ ಅಮೆರಿಕದ ನಾಡುಗಳಲ್ಲಿಯೂ ಎರಡು ಮನೆತನದ ಹೆಸರುಗಳಿರುತ್ತವೆ. ಕೊಲಂಬಿಯದ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸರಿಗೆ ಗಾರ್ಸಿಯಾ ತಂದೆಯಿಂದ ಬಂದದ್ದು, ಮಾರ್ಕೆಸ್ ತಾಯಿಯಿಂದ ಬಂದದ್ದು. ಐಸ್‌ಲೆಂಡಿನಲ್ಲಿ ಬಹುಮಂದಿಗೆ ಮನೆತನದ ಹೆಸರೇ ಇಲ್ಲ. ಯೋನ್ ಎಂಬವನ ಮಗ ಯೋನ್ಸನ್, ಮಗಳು ಯೋನ್ಸ್‌ದೋತ್ತಿರ್. ತಂದೆ, ತಾಯಿ, ಮಗ, ಮಗಳು ನಾಲ್ವರಿಗೂ ನಾಲ್ಕು ಬಗೆಯ ಕೊನೆಯ ಹೆಸರು. ಅಲ್ಲಿ ಅಧ್ಯಕ್ಷರನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಮುದ್ರಿತ ದೂರವಾಣಿ ಕೈಪಿಡಿಯಿದ್ದ ಕಾಲದಲ್ಲಿ ಅದನ್ನೂ ಮೊದಲ ಹೆಸರಿನ ಅಕ್ಷರಕ್ರಮದಲ್ಲಿಯೇ ಜೋಡಿಸುತ್ತಿದ್ದರು. ಬರ್ಮಾ ದೇಶದವರಿಗೂ ಮನೆತನದ ಹೆಸರಿಲ್ಲ. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಯು ಥಾಂಟರ ಹೆಸರು ಬರಿಯ ಥಾಂಟ್. ‘ಯು’ ಎಂಬುದು ನಮ್ಮ ‘ಶ್ರೀ’ಯಂಥ ಗೌರವವಾಚಕ. ಬಾಲಿ ದ್ವೀಪದಲ್ಲಿ ಹುಟ್ಟಿದ ಸರದಿಯೇ ಹೆಸರು: ಮೊದಲನೆಯದು ವಾಯನ್, ಎರಡನೆಯದು ಮಾದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಐದನೆಯ ಮಗು ಹುಟ್ಟಿದರೆ ಸುತ್ತು ಮತ್ತೆ ವಾಯನ್ನಿನಿಂದ ಮೊದಲಾಗುತ್ತದೆ. ಹೀಗೆ ಬಗೆಬಗೆಯಾಗಿ ಮನುಷ್ಯನನ್ನು ಗುರುತಿಸಬಹುದು; ಯಾವ ಬಗೆಯೂ ಇನ್ನೊಂದಕ್ಕಿಂತ ಮೇಲಲ್ಲ, ಕೀಳೂ ಅಲ್ಲ.

ಆದರೆ ಹೆಸರಿನ ಚರಿತ್ರೆಯಲ್ಲಿ ನೋವಿನ ಪುಟಗಳೂ ಉಂಟು. ದಕ್ಷಿಣ ಆಫ್ರಿಕದ ಒಂದು ಹಳ್ಳಿಯಲ್ಲಿ 1918ರಲ್ಲಿ ಹುಟ್ಟಿದ ಬಾಲಕನೊಬ್ಬನಿಗೆ ತಂದೆ ರೋಲಿಹ್ಲಾಹ್ಲಾ ಎಂದು ಹೆಸರಿಟ್ಟರು. ಮರದ ಕೊಂಬೆಯನ್ನು ಎಳೆಯುವವನು ಎಂಬುದು ಅದರ ಅರ್ಥ. ಆಡುಮಾತಿನಲ್ಲಿ ತಂಟೆಕೋರ ಎಂದಂತೆ. ಶಾಲೆಗೆ ಸೇರಿದ ಮೊದಲ ದಿನ ಅಧ್ಯಾಪಕಿ ಪ್ರತಿಯೊಂದು ಮಗುವಿಗೂ ಒಂದೊಂದು ಇಂಗ್ಲಿಷ್ ಹೆಸರನ್ನು ಹಂಚಿದರು. ಆಳುವವರ ನಾಲಗೆಗೆ ಸುಲಭವಾಗಲೆಂದು ಆಗ ನಡೆದಿದ್ದ ಪದ್ಧತಿ ಅದು. ಅಂದು ಆ ಬಾಲಕನ ಪಾಲಿಗೆ ಬಂದ ಹೆಸರು ನೆಲ್ಸನ್. ಅವನೇ ಮುಂದೆ 27 ವರ್ಷ ಸೆರೆಯಲ್ಲಿದ್ದು, 1994ರಲ್ಲಿ ತನ್ನ ದೇಶದ ಅಧ್ಯಕ್ಷನಾದ ನೆಲ್ಸನ್ ಮಂಡೇಲಾ. ಲೋಕವೆಲ್ಲ ನೆಲ್ಸನ್ ಎಂದರೂ ಅವರ ಜನ ಪ್ರೀತಿಯಿಂದ ಕರೆದದ್ದು ಕುಲದ ಹೆಸರಾದ ಮಡೀಬಾ ಎಂದೇ.

1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಲ್ಲಿ ಮ್ಯಾರಥಾನ್ ಓಟವನ್ನು ಗೆದ್ದವನು ಸೊನ್ ಕಿಜಂಗ್ ಎಂಬ ಕೊರಿಯದ ತರುಣ. ಕೊರಿಯ ಆಗ ಜಪಾನಿನ ಅಧೀನದಲ್ಲಿತ್ತು. ಅವನು ಓಡಬೇಕಾದದ್ದು ಜಪಾನಿನ ಬಾವುಟದ ಕೆಳಗೆ, ‘ಸೊನ್ ಕಿತೇಯ್’ ಎಂಬ ಜಪಾನೀ ಉಚ್ಚಾರಣೆಯ ಹೆಸರಿನಲ್ಲಿ. ಚಿನ್ನದ ಪದಕವನ್ನು ಪಡೆದು ವಿಜಯವೇದಿಕೆಯ ಮೇಲೆ ನಿಂತಾಗ ಅವನು ತಲೆಯನ್ನು ತಗ್ಗಿಸಿ, ಕೈಯಲ್ಲಿದ್ದ ಎಳೆಯ ಗಿಡದಿಂದ ಎದೆಯ ಮೇಲಿನ ಬಾವುಟದ ಗುರುತನ್ನು ಮರೆಮಾಡಿಕೊಂಡನು. ಗೆದ್ದದ್ದು ತಾನು, ಕೂಗಿದ ಹೆಸರು ತನ್ನದಲ್ಲ—ಇದಕ್ಕಿಂತ ಕಠಿನವಾದ ಗೆಲುವು ಇರಲಾರದು. 1940ರಲ್ಲಿ ಕೊರಿಯದ ಜನರೆಲ್ಲ ಜಪಾನೀ ಮಾದರಿಯ ಹೆಸರುಗಳನ್ನು ದಾಖಲು ಮಾಡಿಸಿಕೊಳ್ಳುವಂತೆ ಆಡಳಿತ ಒತ್ತಾಯ ತಂದಿತು. 1945ರಲ್ಲಿ ಆ ಆಳ್ವಿಕೆ ಕೊನೆಗೊಂಡಿತು. ಮರುವರ್ಷ ಹಳೆಯ ಹೆಸರುಗಳನ್ನು ಮರಳಿ ಪಡೆಯುವ ಆಜ್ಞೆ ದಕ್ಷಿಣ ಕೊರಿಯದಲ್ಲಿ ಹೊರಟಿತು. 1988ರಲ್ಲಿ ಸಿಯೋಲ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ ಜ್ಯೋತಿಯನ್ನು ಹಿಡಿದು ಕ್ರೀಡಾಂಗಣದೊಳಕ್ಕೆ ಓಡಿಬಂದವನು ಅದೇ ಸೊನ್ ಕಿಜಂಗ್. ಮುದುಕನಾಗಿದ್ದರೂ ಅವನು ಅಂದು ಹುಡುಗನಂತೆ ಕುಪ್ಪಳಿಸಿದನು. ಈ ಸಲ ಅವನು ತನ್ನ ನೆಲದಲ್ಲಿ, ತನ್ನ ಹೆಸರಿನಲ್ಲಿ ಓಡುತ್ತಿದ್ದನು.

ಇನ್ನು ಮೊದಲಿನ ಹುಡುಗಿಯ ವಿಷಯಕ್ಕೆ ಬರಬಹುದು. ಅಜ್ಜಿ ಬಹಳ ಹೊತ್ತಿನ ಮೇಲೆ ಬಾಯಿ ತೆರೆದಳು. ಆ ಮನೆಯಲ್ಲಿ ಹುಡುಗಿಗಿಂತ ಮೊದಲು ಎರಡು ಮಕ್ಕಳು ಹುಟ್ಟಿದ್ದವು. ಎರಡಕ್ಕೂ ಒಳ್ಳೆಯ ಒಳ್ಳೆಯ ದೇವರ ಹೆಸರುಗಳನ್ನಿಟ್ಟು, ಊರಿಗೆಲ್ಲ ಊಟ ಹಾಕಿದ್ದರು. ಎರಡೂ ವರ್ಷ ತುಂಬುವ ಮೊದಲೇ ಹೋದವು. ಮೂರನೆಯದು ಹುಟ್ಟಿದಾಗ ಮುದುಕಿ ಹೆಸರಿಡುವ ಸಡಗರವನ್ನೇ ಬಿಟ್ಟಳು. ಕೂಸನ್ನು ಮೊರದಲ್ಲಿ ಮಲಗಿಸಿ, ಹಿತ್ತಲಿನ ತಿಪ್ಪೆಯ ಮೇಲಿಟ್ಟು, ತಿರುಗಿ ನೋಡದೆ ಒಳಗೆ ಬಂದಳು. ಮೊದಲೇ ಮಾತಾಗಿದ್ದಂತೆ ನೆರೆಮನೆಯಾಕೆ ಅತ್ತ ಹೋಗಿ, ‘ತಿಪ್ಪೆಯ ಮೇಲೆ ಯಾರೋ ಬಿಸಾಡಿದ ಕೂಸು ಸಿಕ್ಕಿತು, ಯಾರಿಗಾದರೂ ಬೇಕೇ?’ ಎಂದು ಕೂಗಿದಳು. ಅಜ್ಜಿ ಒಂದು ಸೇರು ತೌಡನ್ನು ಕೊಟ್ಟು ತನ್ನ ಮೊಮ್ಮಗಳನ್ನೇ ಕೊಂಡುತಂದಳು. ಇಷ್ಟು ಬೆಲೆಬಾಳದ ವಸ್ತುವಿನ ಮೇಲೆ ಸಾವಿನ ಕಣ್ಣು ಬೀಳಲಾರದು ಎಂಬುದು ಅವಳ ನಂಬಿಕೆ.

ಇದು ಒಂದು ಮನೆಯ ಕಥೆಯಲ್ಲ. ಕನ್ನಡದ ತಿಪ್ಪಣ್ಣ, ತಿಪ್ಪಮ್ಮ, ತೆಲುಗಿನ ಪೆಂಟಯ್ಯ, ತಮಿಳಿನ ಕುಪ್ಪುಸ್ವಾಮಿ, ಕುಪ್ಪಮ್ಮಾಳ್ ಎಂಬ ಹೆಸರುಗಳೆಲ್ಲ ಈ ಒಂದೇ ಕಸದ ರಾಶಿಯ ಮೇಲೆ ಹುಟ್ಟಿದವು. ಅವುಗಳಲ್ಲಿ ಎಷ್ಟೋ ಹೆಸರುಗಳು ಕಾಲಕ್ರಮದಲ್ಲಿ ಹಿರಿಯರ ಹೆಸರಾಗಿ, ಸತ್ಪುರುಷರ ಹೆಸರಾಗಿ ಪೂಜ್ಯವೂ ಆದವು. ಚಿತ್ರದುರ್ಗ ಸೀಮೆಯ ಅನೇಕ ಮನೆಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರ ಎಂಬ ಹೆಸರುಗಳನ್ನಿಡುವುದು ನಾಯಕನಹಟ್ಟಿಯ ಸ್ವಾಮಿಯ ಮೇಲಿನ ಭಕ್ತಿಯಿಂದ. ಮಂಗೋಲಿಯದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಿತಂದೆಯರು ಮುಂದಿನ ಮಗುವಿಗೆ ನೆರ್ಗುಯಿ, ಎಂದರೆ ‘ಹೆಸರಿಲ್ಲ’ ಎಂದೋ, ಎನೆಬಿಷ್, ಎಂದರೆ ‘ಇದಲ್ಲ’ ಎಂದೋ ಹೆಸರಿಡುತ್ತಿದ್ದರು. ಕೆಟ್ಟ ಶಕ್ತಿಗಳು ಬಂದು ಹುಡುಕಿದರೆ ದಾರಿ ತಪ್ಪಲಿ ಎಂಬುದು ಉದ್ದೇಶ. ಚೀನದ ಹಳ್ಳಿಗಳಲ್ಲಿ ಮುದ್ದಿನ ಮಗನನ್ನು ‘ನಾಯಿ ತಿಂದು ಬಿಟ್ಟದ್ದು’ ಎಂಬರ್ಥದ ಅಡ್ಡಹೆಸರಿನಿಂದ ಕರೆಯುವುದುಂಟು. ಸಾವಿರಾರು ಮೈಲಿಗಳ ಅಂತರದಲ್ಲಿದ್ದ, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ತಾಯಂದಿರಿಗೆ ಒಂದೇ ಉಪಾಯ ಹೊಳೆಯಿತು. ಅವರಿಗೆಲ್ಲ ಇದ್ದ ಭಯ ಒಂದೇ ಆಗಿತ್ತು.

ಆ ಭಯ ಬರಿಯ ಮೂಢನಂಬಿಕೆಯಾಗಿರಲಿಲ್ಲ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ 129 ಶಿಶುಗಳು ಒಂದು ವರ್ಷ ತುಂಬುವ ಮುನ್ನವೇ ತೀರಿಹೋಗುತ್ತಿದ್ದವು. 2020ರ ವೇಳೆಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಲಸಿಕೆ, ಶುದ್ಧವಾದ ನೀರು, ಆಸ್ಪತ್ರೆಯ ಹೆರಿಗೆ, ತಾಯಂದಿರ ವಿದ್ಯೆ ಇವೆಲ್ಲ ಸೇರಿ ಮಾಡಿದ ಕೆಲಸವಿದು. ಇವು ಬರುವ ಮೊದಲು ಬಡ ತಾಯಿಯ ಕೈಯಲ್ಲಿದ್ದುದು ಒಂದು ಮೊರ, ಒಂದು ಸೇರು ತೌಡು, ಒಂದು ಒರಟು ಹೆಸರು ಮಾತ್ರ. ಅವು ಮಗುವನ್ನು ಉಳಿಸಲಾರವೆಂದು ಇಂದಿನ ವಿದ್ಯಾರ್ಥಿಗೆ ಗೊತ್ತು. ಆದರೆ ಉಳಿಸಬೇಕೆಂಬ ಹಂಬಲದಲ್ಲಿ ಆ ತಾಯಿ ಯಾರಿಗೂ ಕಡಿಮೆಯಾಗಿರಲಿಲ್ಲ ಎಂಬುದನ್ನೂ ಅವನು ಅರಿಯಬೇಕು.

ಎಲ್ಲ ಒರಟು ಹೆಸರುಗಳ ಹಿಂದೆಯೂ ಇಂಥ ಪ್ರೀತಿಯೇ ಇತ್ತೆಂದು ಹೇಳಲು ಮಾತ್ರ ಬರುವುದಿಲ್ಲ. ಗಂಡುಮಗುವಿಗಾಗಿ ಕಾದು ಕುಳಿತ ಮನೆಗಳಲ್ಲಿ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ, ‘ಇನ್ನು ಸಾಕು’ ಎಂಬ ಬೇಸರವನ್ನೇ ಹೆಸರಾಗಿ ಇಟ್ಟದ್ದುಂಟು. ಕನ್ನಡದಲ್ಲಿ ಸಾಕವ್ವ ಎಂದರೆ ಸಾಕಿ ಸಲಹುವ ತಾಯಿ ಎಂದೂ ಆಗುತ್ತದೆ. ಕೆಲವು ಮನೆಗಳಲ್ಲಿ ಅದರ ಅರ್ಥ ಅಷ್ಟು ಮಧುರವಾಗಿರಲಿಲ್ಲ. ಮಹಾರಾಷ್ಟ್ರದಲ್ಲಿ ‘ನಕುಶಿ’ ಎಂಬ ಹೆಸರಿದೆ. ‘ಬೇಡವಾದವಳು’ ಎಂಬುದೇ ಅದರ ಅರ್ಥ. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಒಂದು ಸಮಾರಂಭ ನಡೆಯಿತು. ಆ ಹೆಸರನ್ನು ಹೊತ್ತಿದ್ದ 285 ಹುಡುಗಿಯರು ಅಂದು ಹಳೆಯ ಹೆಸರನ್ನು ಕಳಚಿಟ್ಟು ಹೊಸ ಹೆಸರಿನ ಪ್ರಮಾಣಪತ್ರಗಳನ್ನು ಪಡೆದರು. ದಿನಕ್ಕೆ ಹತ್ತು ಸಲ ತನ್ನನ್ನು ‘ಬೇಡವಾದವಳೇ’ ಎಂದು ಕರೆಯುವುದನ್ನು ಕೇಳುತ್ತ, ಅದಕ್ಕೆ ತಾನೇ ಓಗೊಡುತ್ತ ಬೆಳೆಯುವುದು ಎಂಥ ಕಷ್ಟವೆಂಬುದನ್ನು ಅವರಷ್ಟು ಬಲ್ಲವರಿಲ್ಲ. ಅಂಥ ಹೆಸರನ್ನು ಬದಲಿಸಿಕೊಳ್ಳುವುದು ಹಿರಿಯರಿಗೆ ತೋರುವ ಅವಿಧೇಯತೆಯಲ್ಲ. ಅದು ಹಿರಿಯರ ತಪ್ಪನ್ನು ಕಿರಿಯರು ತಿದ್ದಿದಂತೆ.

ಕೆಲವರು ಹೆಸರನ್ನು ಬದಲಿಸಿಕೊಳ್ಳಲು ಹೋರಾಡಿದರೆ, ಕೆಲವರು ಇದ್ದ ಹೆಸರನ್ನು ಉಳಿಸಿಕೊಳ್ಳಲು ಹೋರಾಡಿದ್ದಾರೆ. ಐಸ್‌ಲೆಂಡಿನಲ್ಲಿ ಮಕ್ಕಳಿಗೆ ಇಡಬಹುದಾದ ಹೆಸರುಗಳನ್ನು ಪರಿಶೀಲಿಸಲು 1991ರ ಶಾಸನದಂತೆ ಒಂದು ಸಮಿತಿ ಏರ್ಪಟ್ಟಿತು. ಅಲ್ಲಿ ಒಬ್ಬ ತಾಯಿ ತನ್ನ ಮಗಳಿಗೆ ತಂಗಾಳಿ ಎಂಬರ್ಥದ ಹೆಸರನ್ನಿಟ್ಟಳು. ಆ ಪದ ವ್ಯಾಕರಣದಲ್ಲಿ ಪುಲ್ಲಿಂಗವೆಂದು ಸಮಿತಿ ಅದನ್ನು ಒಪ್ಪಲಿಲ್ಲ. ಇದರಿಂದ ಸರ್ಕಾರದ ಕಾಗದಪತ್ರಗಳಲ್ಲಿ ಆ ಬಾಲಕಿಯ ಹೆಸರು ಬರಿಯ ‘ಹುಡುಗಿ’ ಎಂದೇ ಉಳಿಯಿತು. ಅವಳು ನ್ಯಾಯಾಲಯಕ್ಕೆ ಹೋದಳು. 2013ರ ಜನವರಿಯಲ್ಲಿ ತೀರ್ಪು ಅವಳ ಪರವಾಗಿ ಬಂದಿತು. ಆಗ ಅವಳಿಗೆ 15 ವರ್ಷ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳ ಓರಗೆಯೇ. ಗಂಡಿನ ಹೆಸರು, ಹೆಣ್ಣಿನ ಹೆಸರು ಎಂಬ ಆ ಕಟ್ಟಳೆಯನ್ನೇ 2019ರಲ್ಲಿ ಅಲ್ಲಿನ ಶಾಸನ ತೆಗೆದುಹಾಕಿತು.

ಅಜ್ಜಿಯ ಮಾತು ಮುಗಿಯುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು. ಅವಳು ಮೊಮ್ಮಗಳ ಮೇಲೆ ಸಿಟ್ಟಾಗಲಿಲ್ಲ. ಹೆಸರನ್ನು ಉಳಿಸಿಕೋ ಎಂದು ಬೇಡಲೂ ಇಲ್ಲ. ಮತ್ತೆ ಮೊರವನ್ನು ಕೈಗೆ ತೆಗೆದುಕೊಳ್ಳುತ್ತ, ‘ಬೇಕಾದರೆ ಬದಲಿಸಿಕೋ ತಾಯಿ. ನೀನು ಉಳಿದೆ. ಅದರ ಕೆಲಸ ಮುಗಿಯಿತು’ ಎಂದಳು.

ಹುಡುಗಿ ಅಂದು ರಾತ್ರಿ ಹಿತ್ತಲಿನ ಬಾಗಿಲಿನಲ್ಲಿ ನಿಂತು ತಿಪ್ಪೆಯ ಕಡೆಗೆ ಬಹಳ ಹೊತ್ತು ನೋಡಿದಳು. ಬದಲಿಸಿಕೊಳ್ಳಬಹುದು ಎಂದು ತಿಳಿದ ಮೇಲೆ ಬದಲಿಸಿಕೊಳ್ಳುವ ಅವಸರ ಅವಳಲ್ಲಿ ಉಳಿಯಲಿಲ್ಲ. ವಾರ ಕಳೆದು ಪಟ್ಟಿಯನ್ನು ಕಳುಹಿಸುವ ದಿನ ಬಂದಿತು. ಅರ್ಜಿ ತಂದಿರುವೆಯಾ ಎಂದು ಉಪಾಧ್ಯಾಯರು ಕೇಳಿದರು. ಇಲ್ಲವೆಂದಳು. ಹಾಗಾದರೆ ಯಾವ ಹೆಸರನ್ನು ಬರೆಯಲಿ ಎಂದು ಅವರು ಲೇಖನಿಯನ್ನು ಎತ್ತಿದಾಗ, ಹುಡುಗಿ ತನ್ನ ಹೆಸರನ್ನು ಹೇಳಿದಳು. ಅದು ಕಡೆಯ ಸಾಲಿನಲ್ಲಿ ಕುಳಿತವರಿಗೂ ಕೇಳಿಸಿತು.